ಎಡಕ್ಕೆ ಕುಳಿತ ಕಾರು

ಎರಡನೇ ಸಲ ಬಿಚ್ಚಿ ಕಟ್ಟಿದರೂ ಕಾರಿನ ಮುಂಭಾಗ ಎಡಕ್ಕೇ ವಾಲಿ ಕುಳಿತಿತ್ತು. ಕಾರು ನೆಲಕ್ಕೆ ತಗ್ಗಿ ನಿಲ್ಲಲೆಂದು ಗಿಡ್ಡ ಸ್ಪ್ರಿಂಗ್ ಹಾಕಿದ್ದು ನಾನೇ. ಕೋಣಂದೂರಿನ ಒಂದು ಮನೆಯ ಅಂಗಳದಲ್ಲೇ ಕೆಲಸ ಮಾಡುತ್ತಿದ್ದೆ; ಮಾರನೇ ದಿನ ಆ ಮನೆಯವರು ಮಗುವನ್ನು ಕರೆದುಕೊಂಡು ಅದರಲ್ಲೇ ಘಾಟಿ ಇಳಿಯುವವರಿದ್ದರು. ತಿರುವಿನಲ್ಲಿ ಟೈರು ಮಡ್‌ಗಾರ್ಡಿಗೆ ಉಜ್ಜಿ ಒಡೆದರೆ? ನನ್ನ ಮೆಕ್ಯಾನಿಕ್ ಕೆಲಸಕ್ಕೆ ಇದುವರೆಗೆ ಯಾರೂ ಕೊಂಕು ತೆಗೆದಿರಲಿಲ್ಲ.

ಮನೆಯ ಅಜ್ಜಿ ನನ್ನ ಕೈ ತೊಳೆಯಲು ಚೊಂಬಿನಿಂದ ನೀರು ಹಾಕಿದರು. ಅದು ಸಿಮೆಂಟಿನ ಅಂಗಳದಲ್ಲಿ ಸೀದಾ ಎಡ ಚಕ್ರದತ್ತ ಹರಿಯಿತು. ನಾನು ನೋಡುತ್ತಲೇ ನಿಂತೆ.

“ಎಂಥ ನೋಡ್ತೀಯಾ ಮಾರಾಯಾ? ಮಳೆನೀರು ನಿಲ್ಬಾರ್ದು ಅಂತ ಅಂಗಳ ಆ ಕಡೆಗೆ ಇಳಿಜಾರು ಮಾಡ್ಸಿದ್ದು” ಎಂದರು.

ಕಾರನ್ನು ಅದೇ ಜಾಗದಲ್ಲಿ ಹಿಂದುಮುಂದಾಗಿ ತಿರುಗಿಸಿ ನಿಲ್ಲಿಸಿದೆ. ಈಗ ಬಲಗಡೆ ಕುಳಿತಿತ್ತು!

ಅಂದಿನ ಅಳುಕು ಇನ್ನೂ ಹೋಗಿಲ್ಲ. ಯಾವ ಕಾರಿನ ಎತ್ತರ ಅಳೆಯುವ ಮೊದಲೂ ನೆಲಕ್ಕೊಂದಿಷ್ಟು ನೀರು ಸುರಿದು, ಅದು ಎತ್ತ ಹೋಗುತ್ತದೆಂದು ನೋಡುತ್ತೇನೆ.