ಅಮ್ಮ ಕೇಳುತ್ತಿದ್ದ ಲೋಕದ ಸುದ್ದಿ

ಮೈಸೂರಿನಲ್ಲಿ ಅಮ್ಮನ ಕರ್ಮಗಳೆಲ್ಲ ಮುಗಿದ ಮೇಲೆ ಸಿಂಗಾಪುರಕ್ಕೆ ಮರಳಿದೆ. ಕೋವಿಡ್ ಕಾಲ. ಚೋವಾ ಚು ಕಾಂಗ್ ಬಡಾವಣೆಯ ನಮ್ಮ ಮನೆಗೆ ಹೋಗುವ ಮುಂಚೆ ಎರಡು ವಾರ ಹೋಟೆಲಿನ ಕೋಣೆಯಲ್ಲಿ ಒಬ್ಬಳೇ ಇರಬೇಕಿತ್ತು. ಊಟದ ಡಬ್ಬಿಯನ್ನು ಬಾಗಿಲ ಹೊರಗಿಟ್ಟು, ಒಮ್ಮೆ ತಟ್ಟಿ ಹೋಗುತ್ತಿದ್ದರು. ನಾನು ಬಾಗಿಲು ತೆರೆಯುವಷ್ಟರಲ್ಲಿ ಕಾರಿಡಾರ್ ಖಾಲಿ.

ಒಂದು ಬೆಳಿಗ್ಗೆ ಎದ್ದು ಟೀವಿ ಹಾಕಿದರೆ ಅಮೆರಿಕದ ಸಂಸತ್ ಭವನದ ಗೋಡೆ ಹತ್ತುತ್ತಿರುವ ಜನ. ಚುನಾವಣೆಯಲ್ಲಿ ಸೋತ ಅಧ್ಯಕ್ಷನ ಬೆಂಬಲಿಗರು ಕಿಟಕಿ ಗಾಜು ಒಡೆದು ಒಳನುಗ್ಗುತ್ತಿದ್ದರು. ಅಮ್ಮ ಇದ್ದಿದ್ದರೆ ಅಷ್ಟು ಹೊತ್ತಿಗೆ ಫೋನ್ ಬಂದಿರುತ್ತಿತ್ತು.

ಅಮ್ಮ ಮನಸ್ಸು ಬಿಚ್ಚಿ ಮಾತಾಡಿದವಳಲ್ಲ. ಸುದ್ದಿ ಮಾತಾಡುತ್ತಿದ್ದಳು. ನಾನು ಕಾಲೇಜಿನಲ್ಲಿದ್ದಾಗ, ದಕ್ಷಿಣ ಆಫ್ರಿಕಾದ ನಾಯಕ ಜೈಲಿನಿಂದ ಹೊರಬಂದ ದಿನ, ಸೌಟು ಹಿಡಿದೇ ಟೀವಿ ಮುಂದೆ ಬಂದು ನಿಂತಿದ್ದಳು. "ಹೆಂಡ್ತಿ ಕೈ ಹಿಡ್ಕೊಂಡು ಬರ್ತಿದಾರೆ ನೋಡೆ. ಎಷ್ಟು ವರ್ಷ ಆಗಿತ್ತೋ ಪಾಪ" ಎಂದಿದ್ದಳು. ಒಲೆಯ ಮೇಲಿನ ಸಾರು ಉಕ್ಕಿ ಹೋಗಿತ್ತು. ನಾನು ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಬ್ರಿಟಿಷರು ಹಾಂಗ್‌ಕಾಂಗ್ ಬಿಟ್ಟುಕೊಟ್ಟರು. ಆಗ ಫೋನ್ ಮಾಡಿದಳು.

"ನಿಮ್ಮ ಕಡೆ ಏನಾದ್ರೂ ಗಲಾಟೆನಾ?"

"ಅದು ಇಲ್ಲಿಂದ ತುಂಬಾ ದೂರ ಅಮ್ಮ."

"ಹಂಗಾ. ಊಟ ಆಯ್ತಾ?"

ಅವಳ ಕೊನೆಯ ದಿನಗಳಲ್ಲಿ ಅಮೆರಿಕದ ಚುನಾವಣೆ ಮುಗಿದಿತ್ತು. ಆಸ್ಪತ್ರೆಯ ಮಂಚದ ಮೇಲೂ "ಅವನು ಸೋತೆ ಅಂತ ಒಪ್ಕೊಂಡ್ನಾ?" ಎಂದು ಕೇಳುತ್ತಿದ್ದಳು. ಇನ್ನೂ ಇಲ್ಲ ಎಂದರೆ ಸುಮ್ಮನೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಗಂಡನಿಗೆ ಮೆಸೇಜ್ ಹಾಕಿದೆ. "ನೋಡಿದೆ" ಎಂದಷ್ಟೇ ಉತ್ತರ ಬಂತು. ಆಮೇಲೆ ಮಗಳ ಫೋನ್.

"ಅಮ್ಮಾ, ಬ್ರೇಕ್‌ಫಾಸ್ಟ್ ಬಂತಾ?"

"ಬಂತು. ಅಮೆರಿಕದಲ್ಲಿ ಏನಾಗಿದೆ ನೋಡಿದ್ಯಾ?"

"ಫೋನಲ್ಲಿ ನೋಡ್ದೆ. ಕ್ರೇಜಿ ಲಾ" ಎಂದಳು, ಇಲ್ಲಿನವರ ಹಾಗೆ ಕೊನೆಗೊಂದು ಲಾ ಸೇರಿಸಿ. "ಮೀಟಿಂಗ್ ಸ್ಟಾರ್ಟ್ ಆಗ್ತಿದೆ, ಆಮೇಲೆ ಕಾಲ್ ಮಾಡ್ತೀನಿ."

ಸಂಜೆಯವರೆಗೂ ಟೀವಿ ಆರಿಸಲಿಲ್ಲ. ಅದೇ ಮನುಷ್ಯ ಅದೇ ಗೋಡೆಯನ್ನು ಮತ್ತೆ ಮತ್ತೆ ಹತ್ತುತ್ತಿದ್ದ. ಕೋಣೆಯಲ್ಲಿ ಯಾರದಾದರೂ ದನಿ ಇರಲಿ ಅನ್ನಿಸಿತ್ತು.

ನಾನು ಮನೆಗೆ ಬಂದ ಕೆಲವೇ ದಿನಕ್ಕೆ ಹೊಸ ಅಧ್ಯಕ್ಷ ಪ್ರಮಾಣವಚನ ಸ್ವೀಕರಿಸಿದ. ಇಲ್ಲಿ ಬೆಳಗಾದ ಮೇಲೆ ಅದರ ಮರುಪ್ರಸಾರ ನೋಡುತ್ತಿದ್ದೆ. ಮಗಳು ಟೋಸ್ಟ್ ತಿನ್ನುತ್ತ ಪಕ್ಕದಲ್ಲಿ ಕೂತಳು.

"ಅಜ್ಜಿ ಯಾಕೆ ಇದನ್ನೆಲ್ಲ ಅಷ್ಟು ಫಾಲೋ ಮಾಡ್ತಿದ್ರು? ಅವರು ಇಂಡಿಯಾ ಬಿಟ್ಟು ಎಲ್ಲೂ ಹೋಗ್ಲೇ ಇಲ್ವಲ್ಲ."

"ನನ್ನ ಹತ್ರ ಮಾತಾಡೋಕೆ ಅವಳಿಗೆ ಬೇರೆ ದಾರಿ ಗೊತ್ತಿರ್ಲಿಲ್ಲ ಅನ್ಸತ್ತೆ" ಎಂದೆ.

ಅವಳು ನನ್ನ ಮುಖ ನೋಡಿದಳು. ಏನೋ ಹೇಳುತ್ತಾಳೆ ಎಂದುಕೊಂಡೆ. "ಲೇಟಾಯ್ತು ಅಮ್ಮ" ಎಂದು ಎದ್ದು, ಆಂಗ್ ಮೋ ಕಿಯೋದಲ್ಲಿರುವ ತನ್ನ ಆಫೀಸಿಗೆ ಹೊರಟಳು.

ಅವಳ ತಟ್ಟೆ ತೊಳೆದಿಟ್ಟು ಮತ್ತೆ ಟೀವಿ ಮುಂದೆ ಬಂದೆ. ಅಮೆರಿಕದಲ್ಲೂ ಸೋಂಕಿನ ಭಯ, ಗಲಭೆಯ ಭಯ. ಸಮಾರಂಭಕ್ಕೆ ಜನರನ್ನು ಬರಲು ಬಿಟ್ಟಿರಲಿಲ್ಲ. ಅವರ ಬದಲು ಬಯಲಿನ ತುಂಬ ಬಾವುಟಗಳನ್ನು ನೆಟ್ಟಿದ್ದರು. ಹೊಸ ಅಧ್ಯಕ್ಷ ಅವುಗಳ ಕಡೆ ಮುಖ ಮಾಡಿ ಮಾತಾಡುತ್ತಿದ್ದ. ಮುಗಿಯುವವರೆಗೂ ಕೂತು ಕೇಳಿದೆ.