ಕಬಡ್ಡಿ ಲೋಕೇಶನ ಬಿ.ಎ.

ಕಿಕ್ಕೇರಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಲೋಕೇಶನ ಮನೆ ಎಲ್ಲಿ ಎಂದರೆ ‘ಯಾವ ಲೋಕೇಶ?’ ಎನ್ನುತ್ತಿದ್ದರು. ಕಬಡ್ಡಿ ಲೋಕೇಶ ಎಂದರೆ ಮಾತ್ರ ಕೇಳಿದವನನ್ನು ಬಾಗಿಲ ತನಕ ಬಿಟ್ಟು ಬರುತ್ತಿದ್ದರು. ಎದುರಾಳಿಗಳ ನಡುವೆ ನುಗ್ಗಿ, ಇಬ್ಬರನ್ನು ಮುಟ್ಟಿ, ಕಾಲು ಹಿಡಿದ ಮೂರನೆಯವನನ್ನು ಎಳೆದುಕೊಂಡೇ ನಡುಗೆರೆ ದಾಟುವ ಆಸಾಮಿ. ಅವನು ಒಂದು ಸಲ ಉಸಿರು ಕಟ್ಟಿ ಹೋಗಿ ಬರುವಷ್ಟರಲ್ಲಿ ಒಂದು ಬೀಡಿ ಸೇದಿ ಮುಗಿಸಬಹುದು ಎಂದು ಊರಿನವರು ಹೇಳುತ್ತಿದ್ದರು. ಅವರು ಹೇಳುವುದರಲ್ಲಿ ಅರ್ಧ ಬಿಟ್ಟರೂ ಅದು ದೊಡ್ಡ ಉಸಿರೇ.

ಪಿ.ಯು.ಸಿ.ಯನ್ನು ಎರಡನೇ ಸಲಕ್ಕೆ ಪಾಸು ಮಾಡಿ, ಅಪ್ಪ ತೀರಿಕೊಂಡ ಮೇಲೆ ಮೂರು ವರ್ಷ ಗದ್ದೆ ನೋಡಿಕೊಂಡಿದ್ದ. ತೊಂಬತ್ತಮೂರರಲ್ಲಿ ಕೆ.ಆರ್. ಪೇಟೆಯ ಒಂದು ಕಾಲೇಜಿನ ಪಿ.ಟಿ. ಮೇಷ್ಟ್ರು ಚೌಡಯ್ಯ ಮನೆಗೇ ಬಂದು ಅವನನ್ನು ಬಿ.ಎ.ಗೆ ಸೇರಿಸಿಕೊಂಡು ಹೋದರು. ಆ ವರ್ಷದ ಅಂತರಕಾಲೇಜು ಫೈನಲ್ಲಿನಲ್ಲಿ ಲೋಕೇಶ ಒಬ್ಬನೇ ಹನ್ನೊಂದು ಪಾಯಿಂಟು ತಂದು ಪಾಂಡವಪುರದವರನ್ನು ಮಣ್ಣುಮುಕ್ಕಿಸಿದ. ಸೋತವರ ಕಡೆ ಮುಂದಿನ ಸಾಲಿನಲ್ಲಿ, ಕುರ್ಚಿಯ ಮೇಲೆ ಟವಲು ಹಾಸಿಕೊಂಡು ರಂಗಸ್ವಾಮಿಯವರು ಕೂತಿದ್ದರು.

ರಂಗಸ್ವಾಮಿಯವರಿಗೆ ಪಾಂಡವಪುರದಲ್ಲಿ ಎರಡು ರೈಸ್ ಮಿಲ್ಲು, ಒಂದು ಬಿಳಿ ಅಂಬಾಸಡರು, ಏಳನೇ ಕ್ಲಾಸಿನ ತನಕ ವಿದ್ಯೆ. ಊರಾಚೆ ಒಂದು ಖಾಸಗಿ ಕಾಲೇಜಿತ್ತು; ಹೆಸರು ಬೇಡ, ಅದು ಮುಚ್ಚಿ ಎಷ್ಟೋ ಕಾಲವಾಯಿತು. ಅದರ ಆಡಳಿತದಲ್ಲಿ ಅವರದು ಯಾವ ಹುದ್ದೆಯೂ ಇರಲಿಲ್ಲ. ಆದರೆ ಹುಡುಗರ ಬನಿಯನ್ನು, ಬೂಟು, ಬೆಳಗಿನ ಮೊಟ್ಟೆ, ಗೆದ್ದ ದಿನದ ಬಾಡೂಟ, ಎಲ್ಲವೂ ಅವರದೇ. ಅವರ ಪ್ರಕಾರ ಕಾಲೇಜೆಂದರೆ ಒಂದು ಕಬಡ್ಡಿ ಅಂಕಣ. ಬಿಸಿಲಿಗೆ ಮರೆಯಾಗಲಿ ಎಂದು ಯಾರೋ ಪಕ್ಕದಲ್ಲಿ ನಾಲ್ಕು ಕೋಣೆ ಕಟ್ಟಿದ್ದಾರೆ, ಅಷ್ಟೆ.

ಫೈನಲ್ಲು ಮುಗಿದ ಎಂಟನೇ ದಿನಕ್ಕೆ ಅಂಬಾಸಡರು ಕಿಕ್ಕೇರಿಗೆ ಬಂತು. ಲೋಕೇಶನ ತಾಯಿ ಪುಟ್ಟಗೌರಮ್ಮ ಕಾಫಿ ಕೊಟ್ಟರು. ಮಗಳ ಮದುವೆ ಮೇ ತಿಂಗಳಿಗೆ ಗೊತ್ತಾಗಿದೆ, ಪಾತ್ರೆ ಇನ್ನೂ ತಂದಿಲ್ಲ ಎಂಬುದು ಮಾತಿನ ನಡುವೆ ಬಂತು.

“ಅಕ್ಕಾ, ನನ್ನ ನಿನ್ ತಮ್ಮ ಅಂದ್ಕೊ. ಪಾತ್ರೆ ಪಡಗ ಎಲ್ಲಾ ನಂದು. ಉಡ್ಗನ್ನ ನಮ್ ಕಾಲೇಜ್ಗೆ ಕಳ್ಸು” ಎಂದರು ರಂಗಸ್ವಾಮಿ.

ಒಂದು ಕಾಲೇಜಿನ ಆಟಗಾರನಿಗೆ ಆಸೆ ತೋರಿಸಿ ಇನ್ನೊಂದು ಕಾಲೇಜು ಎಳೆದುಕೊಂಡರೆ ಅವನ ಪ್ರವೇಶವೇ ರದ್ದು ಎಂದು ವಿಶ್ವವಿದ್ಯಾಲಯದ ನಿಯಮವಿತ್ತು. ರಂಗಸ್ವಾಮಿಯವರಿಗೆ ಅದು ಗೊತ್ತಿತ್ತು. ವಿಷಯ ನರಪಿಳ್ಳೆಗೂ ತಿಳಿಯಬಾರದು ಎಂದು ಪ್ರಿನ್ಸಿಪಾಲರಿಗೆ ತಾಕೀತು ಮಾಡಿದವರೂ ಅವರೇ. ಆಮೇಲೆ ಮೈಸೂರಿಗೆ ಹೋಗಿ ಅರವತ್ತೆರಡು ಸ್ಟೀಲು ಪಾತ್ರೆ ತೆಗೆದರು. ಅಂಗಡಿಯವನು ಕೊರೆಯುವ ಮಿಷನ್ನು ಕೈಯಲ್ಲಿ ಹಿಡಿದು “ಹೆಸರು ಏನಂತ ಹಾಕ್ಲಿ ಸಾರ್?” ಎಂದ. ನಮ್ಮ ಕಡೆ ಮದುವೆಗೆ ಕೊಟ್ಟ ಪಾತ್ರೆಯ ಮೇಲೆ ಕೊಟ್ಟವರ ಹೆಸರಿಲ್ಲದಿದ್ದರೆ ಅದು ಕೊಟ್ಟ ಹಾಗೇ ಅಲ್ಲ. ಹೆಸರು ಬೇಡ ಎನ್ನುವ ಮಾತು ರಂಗಸ್ವಾಮಿಯವರ ಬಾಯಲ್ಲಿ ಹುಟ್ಟಿಯೇ ಇರಲಿಲ್ಲ, ಅವತ್ತೂ ಹುಟ್ಟಲಿಲ್ಲ.

‘ಶ್ರೀ ರಂಗಸ್ವಾಮಿ, ರೈಸ್ ಮಿಲ್ ಮಾಲೀಕರು, ಪಾಂಡವಪುರ. ಕಬಡ್ಡಿ ಲೋಕೇಶ ನಮ್ಮ ಕಾಲೇಜು ಸೇರಿದ ಸಂತೋಷಕ್ಕೆ ಪ್ರೀತಿಯ ಕೊಡುಗೆ. ೧೯೯೪.’

ದೊಡ್ಡ ಕೊಳದಪ್ಪಲೆಗಳ ಮೇಲೆ ಇದು ಒಂದೇ ಸಾಲಿನಲ್ಲಿ ಹಿಡಿಯಿತು. ಲೋಟಗಳ ಮೇಲೆ ಎರಡು ಸುತ್ತು ಬಂತು.

ಮದುವೆ ಚೆನ್ನಾಗಿಯೇ ಆಯಿತು. ತಂಗಿ ಕೆ.ಆರ್. ಪೇಟೆಗೆ ಸೊಸೆಯಾಗಿ ಹೋದಳು, ಅವಳ ಜೊತೆ ಪಾತ್ರೆಗಳೂ ಹೋದವು. ಲೋಕೇಶ ಪಾಂಡವಪುರಕ್ಕೆ ಹೋಗಿ ಮಿಲ್ಲಿನ ಹಿಂದಿನ ಕೋಣೆಯಲ್ಲಿ ಇದ್ದುಕೊಂಡು ಎರಡನೇ ಬಿ.ಎ. ಸೇರಿದ. ಅವನು ಕ್ಲಾಸಿಗೆ ಬರಬೇಕೆಂದು ಯಾರೂ ಕೇಳಿರಲಿಲ್ಲ. ಹಾಜರಿ ತಾನಾಗಿ ಬೀಳುವ ಏರ್ಪಾಡಿತ್ತು. ಒಂದು ದಿನ ಪ್ರಾಕ್ಟೀಸು ಮುಗಿದ ಮೇಲೆ ಬಿಸಿಲು ತಾಳದೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತ. ಇತಿಹಾಸದ ಮೇಷ್ಟ್ರು ಶ್ರೀರಂಗಪಟ್ಟಣದ ಕೋಟೆ ಬಿದ್ದ ಕತೆ ಹೇಳುತ್ತಿದ್ದರು.

ಲೋಕೇಶ ಆ ಊರಿಗೆ ಆರು ಸಲ ಹೋಗಿದ್ದ. ಗಂಜಾಂ ಮೈದಾನದ ಮಣ್ಣು ಎಲ್ಲಿ ಜಾರುತ್ತದೆ ಎಂದು ಕೇಳಿದ್ದರೆ ಹೇಳುತ್ತಿದ್ದ. ಕೋಟೆಯನ್ನು ನೋಡೇ ಇರಲಿಲ್ಲ. ಆ ಭಾನುವಾರ ಬಸ್ಸು ಹತ್ತಿ ಹೋಗಿ, ಗೋಡೆ ಒಡೆದ ಜಾಗದಲ್ಲಿ ಅರ್ಧ ದಿನ ನಿಂತು ಬಂದ. ಸೋಮವಾರ ಮುಂದಿನ ಬೆಂಚಿಗೆ ಹೋದ. ಅಲ್ಲಿಂದ ಮುಂದೆ ಅವನಿಗೆ ಓದಿನ ಹುಚ್ಚು ಹಿಡಿಯಿತು ಎಂದೇ ಹೇಳಬೇಕು. ಅವರ ಮನೆತನದಲ್ಲಿ ಡಿಗ್ರಿ ಮಾಡಿದವರು ಯಾರೂ ಇರಲಿಲ್ಲ. ಕಬಡ್ಡಿ ಮಂಡಿ ಇರುವ ತನಕ, ಬಿ.ಎ. ಸಾಯುವ ತನಕ ಎಂಬ ಲೆಕ್ಕ ಅವನಿಗೆ ಹೊಳೆದಿತ್ತು. ಅದಕ್ಕಿಂತ ಹೆಚ್ಚಾಗಿ, ಅವನಿಗೆ ಅದು ಇಷ್ಟವಾಗಿತ್ತು. ಇದನ್ನು ಯಾರಿಗೂ ಹೇಳಲು ನಾಚಿಕೆ.

ರಂಗಸ್ವಾಮಿಯವರು ಒಂದು ಸಲ ಅವನ ಕೈಯಲ್ಲಿ ಪುಸ್ತಕ ನೋಡಿ ಗಾಬರಿಯಾದರು.

“ಏನ್ಲಾ ಅದು?”

“ನೋಟ್ಸು ಅಣ್ಣಾ. ಬರ್ಕೋತಾ ಇದ್ದೆ.”

“ಯಾರನ್ನಾರ ಮಡುಗಿ ಬರ್ಸಾನ ಬುಡ್ಲಾ. ಸುಮ್ಕೆ ಕಣ್ಣು ಕೆಡಿಸ್ಕಬ್ಯಾಡ. ಸನಿವಾರ ಮ್ಯಾಚದೆ.”

ಎರಡನೇ ವರ್ಷ ಸೆಕೆಂಡ್ ಕ್ಲಾಸಿನಲ್ಲಿ ಪಾಸಾದ. ಎರಡು ವರ್ಷವೂ ಕಪ್ಪು ಪಾಂಡವಪುರಕ್ಕೇ ಬಂತು. ಚೌಡಯ್ಯ ಮೇಷ್ಟ್ರು ಎರಡು ವರ್ಷವೂ ಹೊಟ್ಟೆ ಉರಿದುಕೊಂಡು ಮನೆಗೆ ಹೋದರು.

ತೊಂಬತ್ತಾರರ ಜನವರಿಯಲ್ಲಿ ಕೆ.ಆರ್. ಪೇಟೆಯಲ್ಲಿ ಲೋಕೇಶನ ತಂಗಿಯ ಮಗುವಿಗೆ ನಾಮಕರಣವಾಯಿತು. ಅದೇ ಬೀದಿಯವರೆಂದು ಚೌಡಯ್ಯ ಮೇಷ್ಟ್ರನ್ನೂ ಕರೆದಿದ್ದರು. ಊಟದ ಕೊನೆಗೆ ಮಜ್ಜಿಗೆ ಬಂತು. ಮೇಷ್ಟ್ರು ಒಂದು ಗುಟುಕು ಕುಡಿದು, ಲೋಟದ ಮೇಲೆ ಏನೋ ಕಂಡು, ತಿರುಗಿಸಿ ಓದಿದರು. ಇನ್ನೊಂದು ಸುತ್ತು ತಿರುಗಿಸಿದರು. “ಮಜ್ಜಿಗೆ ಬೋ ಸಂದಾಗದೆ, ಇನ್ನೊಂಚೂರು ಬುಡವ್ವಾ” ಎಂದು ಹಾಕಿಸಿಕೊಂಡು ಕುಡಿದು, ಎಲ್ಲರೂ ಕೈತೊಳೆಯಲು ಎದ್ದಾಗ ಲೋಟವನ್ನು ಚೀಲಕ್ಕೆ ಇಳಿಸಿದರು. ಉಂಡೂ ಹೋದ, ಕೊಂಡೂ ಹೋದ ಎನ್ನುವುದು ಇದಕ್ಕೇ.

ಲೋಟ ದೂರಿನ ಜೊತೆ ವಿಶ್ವವಿದ್ಯಾಲಯ ತಲುಪಿತು. ಮಾರ್ಚಿನಲ್ಲಿ ವಿಚಾರಣೆಗೆ ಮೂರು ಜನ ಬರುತ್ತಾರೆ ಎಂದು ಕಾಗದ ಬಂತು. ಅಂತಿಮ ಪರೀಕ್ಷೆ ಏಪ್ರಿಲ್‌ನಲ್ಲಿ. ಪ್ರವೇಶ ರದ್ದಾದರೆ ಲೋಕೇಶನಿಗೆ ಹಾಲ್ ಟಿಕೆಟ್ಟಿಲ್ಲ.

ರಂಗಸ್ವಾಮಿಯವರೇ ಉಪಾಯ ಹುಡುಕಿದರು. “ನಾನು ಸೋದರಮಾವ ಅಂತ ಯೋಳ್ಬುಡಿ. ಮಾವ ಅನ್ನೋನು ಅಕ್ಕನ ಮಗ್ಳು ಮದ್ವೆಗೆ ಪಾತ್ರೆ ಕೊಟ್ರೆ ಯಾವ ಯೂನಿವರ್ಸಿಟಿ ಕೇಳ್ತದೆ?”

ಉಪಾಯದಲ್ಲಿ ತಪ್ಪೇನೂ ಇರಲಿಲ್ಲ. ಪುಟ್ಟಗೌರಮ್ಮ ಮಾತ್ರ ವಿಚಾರಣೆಯ ದಿನ ಬಸ್ಸಿನ ದಾರಿಯ ಉದ್ದಕ್ಕೂ “ನಂಗೆ ಸುಳ್ಳು ಬರಾಕಿಲ್ಲ ಕಣಪ್ಪ” ಎನ್ನುತ್ತಾ ಬಂದರು.

“ಒಂದೇ ಮಾತು ಅವ್ವಾ. ತಮ್ಮ ಅನ್ನು, ಸಾಕು. ನಾನು ಓದಿವ್ನಿ. ಪರೀಕ್ಸೆ ಒಂದು ಬರೀಬೇಕು” ಎಂದ ಲೋಕೇಶ. ಅವನು ತಾಯಿಯ ಹತ್ತಿರ ಏನನ್ನಾದರೂ ಬೇಡಿದ್ದು ಅದೇ ಮೊದಲು.

ಪ್ರಿನ್ಸಿಪಾಲರ ಕೋಣೆಯಲ್ಲಿ ಮೇಜಿನ ಮೇಲೆ ಲೋಟ ಕೂತಿತ್ತು, ಸುತ್ತ ದಾರ ಕಟ್ಟಿ ಚೀಟಿ ಅಂಟಿಸಿದ್ದರು. ಯಾರೂ ಏನೂ ಕೇಳುವ ಮುಂಚೆಯೇ ಪ್ರಿನ್ಸಿಪಾಲರು ನನಗೇನೂ ಗೊತ್ತಿಲ್ಲ ಎಂದು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡರು. ವಿಚಾರಣೆಯ ಹಿರಿಯರು ನಾಗಮಂಗಲದ ಕಡೆಯ ಒಬ್ಬ ಪ್ರೊಫೆಸರಮ್ಮ. ಸಮಾಧಾನದ ಹೆಂಗಸು.

“ರಂಗಸ್ವಾಮಿಯವರು ನಿಮಗೆ ಏನಾಗಬೇಕಮ್ಮಾ?”

“ತಮ್ಮ” ಎಂದರು ಪುಟ್ಟಗೌರಮ್ಮ, ನೆಲ ನೋಡಿಕೊಂಡು.

ಬರೆದುಕೊಂಡರು. ಅಲ್ಲಿಗೆ ಮುಗಿಯಿತು. ಪ್ರೊಫೆಸರಮ್ಮ ಪೆನ್ನಿಗೆ ಕ್ಯಾಪು ಹಾಕಿ, ಕಾಫಿ ಬರುವ ತನಕ ಹೆಂಗಸರು ಹೆಂಗಸರು ಮಾತಾಡುವ ಹಾಗೆ ಕೇಳಿದರು: “ಗೌರಿ ಹಬ್ಬಕ್ಕೆ ತವರಿನ ಬಾಗಿನ ಚೆನ್ನಾಗಿ ಕಳಿಸ್ತಾರಾ?”

ಪುಟ್ಟಗೌರಮ್ಮನ ಮುಖ ಬಾಡಿತು.

“ಎಲ್ಲಿ ಬಂದದು ತಾಯೀ. ನನ್ ತಮ್ಮ ಸೋಮಯ್ಯ ತೀರೋಗಿ ಒಂಬತ್ ವರ್ಸ ಆಯ್ತು. ನಡ್ಕೊಂಡೇ ಬರೋನು, ಮೊರ ತಲೆ ಮ್ಯಾಲೆ ಮಡಿಕ್ಕೊಂಡು. ಅಕ್ಕಂಗೆ ಪಾಯ್ಸ ಇಷ್ಟ ಅಂತ ಒಂದ್ ಇಡಿ ಎಸ್ರುಬ್ಯಾಳೆ ಎಚ್ಚಿಗೆ ಕಟ್ಸ್ಕೊಂಡ್ ಬರೋನು. ಅವ್ನು ಓದ್ಮೇಲೆ ಯಾರ್ ಅವ್ರೆ ನಂಗೆ ಬಾಗ್ನ ತರೋರು?”

ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಕೋಣೆಯಲ್ಲಿದ್ದ ಎಲ್ಲರಿಗೂ ಅಯ್ಯೋ ಎನಿಸಿತು. ರಂಗಸ್ವಾಮಿಯವರು ಮೆದು ಮನಸ್ಸಿನವರು, ಅವರೂ ಟವಲಿನಲ್ಲಿ ಕಣ್ಣೊರೆಸಿಕೊಂಡರು. ಏನಾಯಿತು ಎಂದು ಅವರಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಪ್ರೊಫೆಸರಮ್ಮ ಪೆನ್ನಿನ ಕ್ಯಾಪು ಮತ್ತೆ ತೆಗೆದಿದ್ದರು. ಅವರಿಗೂ ತೆಗೆಯಲು ಮನಸ್ಸಿರಲಿಲ್ಲ ಎಂದು ಲೋಕೇಶನಿಗೆ ಅನ್ನಿಸಿತು.

ತೀರ್ಪು ಹತ್ತು ದಿನಕ್ಕೆ ಬಂತು. ಲೋಕೇಶನ ಪ್ರವೇಶ ರದ್ದು, ಪಾಸಾದ ಎರಡನೇ ವರ್ಷವೂ ರದ್ದು. ಎರಡು ಕಪ್ಪು ಕೆ.ಆರ್. ಪೇಟೆಗೆ. ಪ್ರಿನ್ಸಿಪಾಲರಿಗೆ ಎಚ್ಚರಿಕೆ. ಶ್ರೀ ರಂಗಸ್ವಾಮಿಯವರು ಕಾಲೇಜಿನ ಸಿಬ್ಬಂದಿಯಲ್ಲ, ವಿದ್ಯಾರ್ಥಿಯೂ ಅಲ್ಲ, ಆದ್ದರಿಂದ ಅವರ ಮೇಲೆ ಕ್ರಮಕ್ಕೆ ಅವಕಾಶವಿಲ್ಲ. ಕೋಣಗಳೆರಡು ಕಾದಾಡಿದರೆ ಸಾಯುವುದು ಗಿಡ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

“ನನ್ ಬಾಯ್ಗೆ ಮಣ್ಣಾಕ. ನಿನ್ ಓದು ಕಳ್ದ್‌ಬುಟ್ನಲ್ಲಪ್ಪಾ” ಎಂದು ಪುಟ್ಟಗೌರಮ್ಮ ಎರಡು ದಿನ ಊಟ ಬಿಟ್ಟರು.

“ಸೋಮಯ್ಯ ಮಾವನ್ನ ಇಲ್ಲ ಅನ್ನಕ್ಕಾಯ್ತದಾ ಅವ್ವಾ? ಉಣ್ಣು” ಎಂದ ಲೋಕೇಶ. ಅವನಿಗೆ ತಾಯಿಯ ಮೇಲೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಸುಲಭವಾಗುತ್ತಿತ್ತು.

ಮುಂದಿನ ವಾರ ಅಂಬಾಸಡರು ಬಂತು. ರಂಗಸ್ವಾಮಿಯವರು ಮನೆಯೊಳಗೆ ಕೂರುವ ಮುಂಚೆಯೇ ಶುರುಮಾಡಿದರು. “ಕಪ್ಪು ಓದ್ರೆ ಓಯ್ತು ಬುಡು. ಮಿಲ್ಲಲ್ಲಿ ಮೇಸ್ತ್ರಿ ಕೆಲ್ಸ ಮಾಡ್ಕೊಂಡು ಊರ್ ಟೀಮ್ಗೆ ಆಡು. ನಿಂಗೇನ್ಲಾ ಲಾಸು?”

“ಪರೀಕ್ಸೆ ಅಣ್ಣಾ.”

“ಯಾವ ಪರೀಕ್ಸೆ?” ಎಂದರು ರಂಗಸ್ವಾಮಿ. ಅವರು ಬೇಕೆಂದು ಹಾಗೆ ಕೇಳಲಿಲ್ಲ. ನಿಜವಾಗಿ ಅವರಿಗೆ ಗೊತ್ತಿರಲಿಲ್ಲ.

ಏಪ್ರಿಲ್‌ನಲ್ಲಿ ಇತಿಹಾಸದ ಪೇಪರಿನ ದಿನ ಲೋಕೇಶ ಬೆಳಗಿನ ಬಸ್ಸಿಗೆ ಪಾಂಡವಪುರಕ್ಕೆ ಹೋದ. ಕಾಲೇಜಿನ ಗೇಟಿನ ಆಚೆ ಹೊಂಗೆ ಮರದ ಕೆಳಗೆ ಮೂರು ಗಂಟೆ ಕೂತಿದ್ದ. ಬೆಲ್ಲು ಹೊಡೆದು ಹುಡುಗರು ಹೊರಗೆ ಬಂದಾಗ ಅವನ ಬೆಂಚಿನವನೇ ಒಬ್ಬ ಸಿಕ್ಕಿದ. ಅವನ ಕೈಯಿಂದ ಪ್ರಶ್ನೆಪತ್ರಿಕೆ ಇಸಿದುಕೊಂಡು ನಿಂತಲ್ಲೇ ಓದಿದ. ದೊಡ್ಡ ಪ್ರಶ್ನೆ ಐದು. ನಾಲ್ಕು ಬರುತ್ತಿದ್ದವು, ಚೆನ್ನಾಗಿಯೇ ಬರುತ್ತಿದ್ದವು. ಐದನೆಯದರ ಪಾಠ ಮಾಡಿದ ವಾರ ಅವನು ನಾಗಮಂಗಲದ ಟೂರ್ನಮೆಂಟಿನಲ್ಲಿದ್ದ.

“ಐದ್ನೇದ್ಕೆ ಏನ್ ಬರ್ದೆ?” ಎಂದು ಕೇಳಿದ.

ಸ್ನೇಹಿತನಿಗೆ ಹಸಿವಾಗಿತ್ತು, ಆದರೂ ಹೇಳಿದ. ಲೋಕೇಶ ಪ್ರಶ್ನೆಪತ್ರಿಕೆಯನ್ನು ಮಂಡಿಯ ಮೇಲಿಟ್ಟು, ಅದರ ಹಿಂಬದಿಯಲ್ಲಿ ಇಸವಿಗಳ ಸಮೇತ ಪೂರ್ತಿ ಬರೆದುಕೊಂಡ. ಆಮೇಲೆ ಊರಿನ ಬಸ್ಸು ಹತ್ತಿದ.