ಆರೋನನ ಮಕ್ಕಳ ಬೆಂಕಿ

ತುಪ್ಪ ಸೀದ ವಾಸನೆ ಬಂದರೆ ಸಾಕು, ಅಮೆರಿಕದ ಫಾರ್ಮಿಂಗ್ಟನ್ ಹಿಲ್ಸ್‌ನ ನಮ್ಮ ಹಳೆಯ ಮನೆ, ಅದರ ಅಡುಗೆಮನೆಯ ಮೇಜು, ಬೈಬಲ್ ಬಿಚ್ಚಿಕೊಂಡು ಕೂತ ಅಜ್ಜಿ, ಎಲ್ಲ ಒಟ್ಟಿಗೆ ಕಣ್ಣೆದುರು ನಿಲ್ಲುತ್ತವೆ. ಮೈಸೂರಿನ ಚರ್ಚಿನಲ್ಲಿ ಬೆಳೆದ ಅಜ್ಜಿಗೆ ಯೇಸುವಿನ ಕರುಣೆಗಿಂತ ಯೆಹೋವನ ಸಿಟ್ಟೇ ಹೆಚ್ಚು ಪರಿಚಯ. ನಿಮ್ಮ ಮನೆಯಲ್ಲೂ ಅಂಥವರೊಬ್ಬರು ಇದ್ದಿರಬಹುದು. ಸಂಜೆಯ ಪ್ರಾರ್ಥನೆಯಲ್ಲಿ ಯಾಜಕ ಆರೋನನ ಮಕ್ಕಳ ಕಥೆ ಬಂದಾಗ ಅವಳ ದನಿಯೇ ಬೇರೆಯಾಗುತ್ತಿತ್ತು. ದೇವರು ಕೇಳದ ಬೆಂಕಿಯನ್ನು ಅವರು ಅವನ ಮುಂದೆ ಒಯ್ದರು. ಅವನ ಸನ್ನಿಧಿಯಿಂದಲೇ ಬೆಂಕಿ ಹೊರಟು ಅವರನ್ನು ನುಂಗಿತು. ನಾನು ಹೆದರಿ ಕುರ್ಚಿಯ ಮೇಲೆ ಕಾಲು ಮೇಲೆಳೆದುಕೊಳ್ಳುತ್ತಿದ್ದೆ.

ತೊಂಬತ್ತರ ದಶಕದ ಕೊನೆಯಲ್ಲಿ ಪಕ್ಕದ ಮನೆ ಕೊಂಡ ಬೆಂಗಳೂರಿನ ವಸುಧಾ ಆಂಟಿ ಗೃಹಪ್ರವೇಶಕ್ಕೆ ಹೋಮ ಇಟ್ಟರು. ಹೊಗೆಗೆ ಅಲಾರಂ ಕೂಗಿ ಫೈರ್ ಟ್ರಕ್ ಬರಬಾರದೆಂದು, ಇಲ್ಲಿ ಎಲ್ಲರೂ ಮಾಡುವಂತೆ, ಅಪ್ಪ ಏಣಿ ಹತ್ತಿ ಅವರ ಮನೆಯ ಸ್ಮೋಕ್ ಡಿಟೆಕ್ಟರುಗಳಿಗೆ ಪ್ಲಾಸ್ಟಿಕ್ ಶವರ್ ಕ್ಯಾಪ್ ತೊಡಿಸಿ ಬಂದರು. ಅಜ್ಜಿ ಮಾತ್ರ ಹೋಗಲಿಲ್ಲ. ಕಿಟಕಿಯಲ್ಲಿ ನಿಂತು, ಪಕ್ಕದ ಮನೆಯಿಂದ ಬರುತ್ತಿದ್ದ ತುಪ್ಪದ ಹೊಗೆ ನೋಡುತ್ತಾ, "ಯೆಹೋವನೇ, ಇದನ್ನ ನೀನೇ ನೋಡ್ಕೋ," ಎಂದಳು. ಕ್ಯಾಪ್ ತೆಗೆಯುವುದು ಅಪ್ಪನಿಗೆ ಮರೆತೇ ಹೋಯಿತು. ಆ ಚಳಿಗಾಲದ ಒಂದು ಶನಿವಾರ ಬೆಳಿಗ್ಗೆ ಆಂಟಿ ಒಲೆಯ ಮೇಲೆ ಎಣ್ಣೆಯಿಟ್ಟು, ಕಾಲಿಂಗ್ ಕಾರ್ಡಿನಲ್ಲಿ ತವರಿಗೆ ಲೈನ್ ಸಿಕ್ಕ ಖುಷಿಯಲ್ಲಿ ಮಹಡಿಯಲ್ಲೇ ಉಳಿದುಬಿಟ್ಟರು. ಅಲಾರಂ ಬಾಯಿ ಬಿಡಲೇ ಇಲ್ಲ. ಅರ್ಧ ಮನೆ ಸುಟ್ಟಿತು. ದೇವರ ಫೋಟೋ ಎತ್ತಿಕೊಳ್ಳಲು ಹೋಗಿ ಆಂಟಿಯ ಎರಡೂ ಅಂಗೈ ಬೆಂದವು.

ಅವರು ನಮ್ಮಲ್ಲೇ ಉಳಿದರು. ಮೊದಲ ಸಂಜೆ ಆಂಟಿ ಆ ಫೋಟೋದ ಮುಂದೆ ಪುಟ್ಟ ದೀಪವಿಟ್ಟು, ಬ್ಯಾಂಡೇಜಿನ ಕೈಗಳನ್ನು ನೋಡಿಕೊಳ್ಳುತ್ತಾ ನಿಂತಿದ್ದರು. ಅಜ್ಜಿ ಎದ್ದು ಬಂದು ತಾನೇ ಕಡ್ಡಿ ಗೀರಿ ದೀಪ ಹಚ್ಚಿದಳು. ಹಚ್ಚಿದವಳು, ಏಟು ಬೀಳುತ್ತದೆಂದು ಕಾಯುವ ಮಗುವಿನಂತೆ ಕಣ್ಣು ಮುಚ್ಚಿ ನಿಂತಳು. ಅಪ್ಪನಿಗೆ ತಡೆಯಲಾಗಲಿಲ್ಲ. "ಅಮ್ಮಾ, ಇದು ದೇವ್ರು ಮಾಡಿದ್ದಲ್ಲ. ಕ್ಯಾಪ್ ತೆಗೆಯೋಕೆ ನಾನೇ ಮರ್ತಿದ್ದು. ವಸುಧಾ ಅವ್ರಿಗೂ ಹೇಳಿದೀನಿ."

"ನೀನು ಮರ್ತೆ ಕಣೋ," ಎಂದಳು ಅಜ್ಜಿ. "ನಾನು ಕೇಳ್ಕೊಂಡಿದ್ದೆ."

ಆರೋನನ ಮಕ್ಕಳ ಕಥೆಯನ್ನು ಅವಳು ಮತ್ತೆ ಹೇಳಲಿಲ್ಲ. ಈಗ ಅಜ್ಜಿಯೂ ಇಲ್ಲ, ಆ ಮನೆಯೂ ನಮ್ಮದಲ್ಲ. ಆಂಟಿಯ ಕೈ ವಾಸಿಯಾಗುವವರೆಗೂ ಸಂಜೆಯ ದೀಪ ಹಚ್ಚಿದವಳು ಅವಳೇ. ಪ್ರತಿ ಸಲವೂ ಕಣ್ಣು ಮುಚ್ಚಿ ಕಾಯುತ್ತಿದ್ದಳು. ಬೆಂಕಿ ಬರಲಿಲ್ಲ. ಬಂದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೇನೋ ಎಂದು ನನಗೆ ಇಂದಿಗೂ ಅನಿಸುತ್ತದೆ.